ಎರಡನೇ ಪ್ಯಾಕೆಟ್ ಕೊಳ್ಳುವವರು ಯಾರು? ಗಡಿನಾಡಿನಿಂದ ಹೊಸ ಉತ್ಪನ್ನವನ್ನು ಮಾರುಕಟ್ಟೆಗೆ ತರುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯುದ್ದಕ್ಕೂ ಹಲಸಿನ ವಾಸನೆ. ಬಿದ್ದ ಹಣ್ಣಿನಲ್ಲಿ ಅರ್ಧ ಮರದಡಿಯಲ್ಲೇ ಕೊಳೆಯುತ್ತದೆ. ಅದೇ ಸಮಯಕ್ಕೆ ನನ್ನ ಮನೆ ಜಗಲಿಗೆ ಯಾರಾದರೊಬ್ಬರು ಡಬ್ಬಿ ಹಿಡಿದು ಬರುತ್ತಾರೆ. ಒಳಗೆ ಸೋಂಟೆಯೋ (ಹಲಸಿನ ಚಿಪ್ಸ್), ಮಾಂಬಳವೋ (ಒಣಗಿಸಿದ ಮಾವಿನ ರಸ), ಹಲಸಿನ ಬೀಜದ ಹುಡಿಯೋ. "ತಿಂದು ಹೇಳಿ, ಪೇಟೆಯಲ್ಲಿ ಹೋದೀತಾ?" ನಾನು ತಿನ್ನುತ್ತೇನೆ. ರುಚಿ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ಆದರೆ ರುಚಿ ಚೆನ್ನಾಗಿದೆ ಎಂಬುದು ಅವರು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ನಾನೂ ಒಂದು ಕಾಲದಲ್ಲಿ ಹೀಗೆ ಡಬ್ಬಿ ಹಿಡಿದು ತಿರುಗಿದವನೇ. ಮೊದಲ 400 ಪ್ಯಾಕೆಟ್ ಸೋಂಟೆ ಮೂರೇ ವಾರದಲ್ಲಿ ಖಾಲಿಯಾದಾಗ ಗೆದ್ದೆ ಅಂದುಕೊಂಡು 5,000 ಕವರ್ ಅಚ್ಚು ಹಾಕಿಸಿದೆ. ಆಮೇಲೆ ಪಟ್ಟಿ ತೆಗೆದು ನೋಡಿದರೆ ಕೊಂಡವರೆಲ್ಲ ಭಾವ, ಅತ್ತಿಗೆ, ದೊಡ್ಡಮ್ಮನ ಮಗ, ಶಾಲೆಯ ಸಹಪಾಠಿ. ಅವರು ಕೊಂಡದ್ದು ಸೋಂಟೆಯನ್ನಲ್ಲ, ನನ್ನ ಮುಖವನ್ನು. ಎರಡನೇ ಸಲ ಕೇಳಿ ಬಂದವರು ಬೆರಳೆಣಿಕೆ. ಆ ಕವರುಗಳಲ್ಲಿ ಉಳಿದವು ಈಗಲೂ ಅಟ್ಟದ ಮೇಲಿವೆ.

ದೊಡ್ಡ ಕಂಪನಿಗಳು ಹೊಸ ವಸ್ತುವನ್ನೋ ತಂತ್ರಜ್ಞಾನವನ್ನೋ ಮಾರುಕಟ್ಟೆಗೆ ಇಳಿಸುವಾಗ ಮಾಡುವ ಕೆಲಸಗಳನ್ನು ಕಾಸರಗೋಡಿನ ಅಳತೆಗೆ ತಂದು ಇಲ್ಲಿ ಬರೆದಿದ್ದೇನೆ. ಹಂತಗಳ ಕ್ರಮ ಮುಖ್ಯ. ಹಲಸು ಕೊರೆಯುವ ಮೊದಲು ಕೈಗೆ ಎಣ್ಣೆ ಹಚ್ಚಬೇಕು, ಮೇಣ ಅಂಟಿದ ಮೇಲೆ ಹಚ್ಚಿದರೆ ಎಣ್ಣೆಯೂ ಹಾಳು.

ಹಂತ 1: ತೊಂದರೆ ಯಾರದ್ದು, ದುಡ್ಡು ಯಾರದ್ದು?

"ಹಲಸು ಹಾಳಾಗುತ್ತಿದೆ" ಎಂಬುದು ನಿಮ್ಮ ತೊಂದರೆ, ಕೊಳ್ಳುವವನದ್ದಲ್ಲ. ಕಣ್ಣೂರಿನ ಫ್ಲ್ಯಾಟಿನಲ್ಲಿರುವವನಿಗೆ ನಿಮ್ಮ ಮರದಡಿಯ ಚಿಂತೆ ಏಕೆ? ಅವನ ತೊಂದರೆ ಬೇರೆ: ಸಂಜೆ ಚಹಾಕ್ಕೆ ಏನು, ಮಕ್ಕಳ ಬುತ್ತಿಗೆ ಏನು, ಊರಿನ ರುಚಿ ನೆನಪಾದಾಗ ಎಲ್ಲಿ ಸಿಗುತ್ತದೆ.

ಕಾರ್ಬನ್ ಫೈಬರಿನ ಉದ್ದನೆಯ ಹಗುರ ಕೋಲನ್ನು, ಅಂದರೆ ದೋಟಿಯನ್ನು ನೋಡಿ. ಅಡಿಕೆ ತೋಟದಲ್ಲಿ ಮರ ಹತ್ತುವವರು ಸಿಗುತ್ತಿಲ್ಲ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡದಿದ್ದರೆ ಫಸಲು ಕೈಬಿಡುತ್ತದೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ಕಲಸಿ ಇಟ್ಟಾಗಿದೆ, ಹತ್ತುವ ಜನ ಮಾತ್ರ ಇಲ್ಲ. ಈ ಸಂಕಟಕ್ಕೆ ದಿನಾಂಕವೂ ಇದೆ, ರೂಪಾಯಿ ಲೆಕ್ಕವೂ ಇದೆ. ಹಾಗಾಗಿ ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ ದೋಟಿ ದುಬಾರಿಯಾದರೂ ತೋಟಕ್ಕಿಳಿಯಿತು. ಆದರೆ ದೋಟಿಗೆ ದುಡ್ಡು ಕೊಡುವವರು ತೋಟದ ಯಜಮಾನರು, ಇಡೀ ದಿನ ಕತ್ತು ಮೇಲೆತ್ತಿ ಅದನ್ನು ಹಿಡಿಯುವವನು ಕೆಲಸದವನು. ಯಜಮಾನರಿಗೆ ಬೆಲೆ ಹಿಡಿಸಿದರೂ ಹಿಡಿಯುವವನ ಹೆಗಲಿಗೆ ಹಿಡಿಸದಿದ್ದರೆ ದೋಟಿ ಕೊಟ್ಟಿಗೆಯ ಮೂಲೆ ಸೇರುತ್ತದೆ. ಹೊಸ ತಂತ್ರಜ್ಞಾನ ತರುವವರು ಇಬ್ಬರನ್ನೂ ಮಾತನಾಡಿಸಬೇಕು.

ಮಾತನಾಡಿಸುವುದಕ್ಕೂ ಒಂದು ರೀತಿ ಇದೆ. "ಹೀಗೊಂದು ಬಂದರೆ ಕೊಳ್ಳುತ್ತೀರಾ?" ಎಂದು ಕೇಳಲೇಬೇಡಿ. ನಮ್ಮ ಕಡೆಯಲ್ಲಿ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವವರಿಲ್ಲ. ಕಳೆದುಹೋದ್ದನ್ನು ಕೇಳಿ: ಹೋದ ಮಳೆಗಾಲದಲ್ಲಿ ಕುರುಕಲು ಏನು ತಂದಿರಿ, ಎಲ್ಲಿಂದ ತಂದಿರಿ, ಎಷ್ಟು ಕೊಟ್ಟಿರಿ, ಮತ್ತೆ ತಂದಿರಾ, ಬಿಟ್ಟದ್ದಾದರೆ ಯಾಕೆ? ಹೀಗೆ ಮೂವತ್ತು ಮನೆಯಲ್ಲಿ ಕೇಳಿದರೆ ಇಪ್ಪತ್ತನೆಯ ಮನೆಯ ಹೊತ್ತಿಗೆ ಉತ್ತರಗಳು ಮರುಕಳಿಸತೊಡಗುತ್ತವೆ. ಅಲ್ಲಿಗೆ ನಿಲ್ಲಿಸಬಹುದು.

ಅಭ್ಯಾಸವನ್ನು ಅರಿಯದೆ ಬಂದವರಿಗೆ ಏನಾಗುತ್ತದೆಂಬುದಕ್ಕೆ 1994ರಲ್ಲಿ ಭಾರತಕ್ಕೆ ಬಂದ ಕೆಲಾಗ್ಸ್ ಉದಾಹರಣೆ. ಗರಿಗರಿಯೇ ಆ ಕಾರ್ನ್ ಫ್ಲೇಕ್ಸಿನ ಹೆಚ್ಚುಗಾರಿಕೆ. ನಮ್ಮವರು ಬಿಸಿ ಹಾಲು ಹೊಯ್ದರು, ಅದು ಮೆತ್ತಗಾಯಿತು. ವಸ್ತುವಿನಲ್ಲಿ ದೋಷವಿರಲಿಲ್ಲ. ಬೆಳಗ್ಗೆ ತಣ್ಣನೆ ಹಾಲು ಕುಡಿಯುವ ರೂಢಿ ಇಲ್ಲಿ ಇರಲಿಲ್ಲ, ಅಷ್ಟೆ.

ಹಂತ 2: ಮನೆಯ ಬಾಣಲೆಯಿಂದ ಯಂತ್ರದ ಬಾಣಲೆಗೆ

ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಎಂದು ಅಳೆಯಲು ಅಮೆರಿಕದ ನಾಸಾ 9 ಮೆಟ್ಟಿಲುಗಳ ಒಂದು ಅಳತೆಗೋಲು ಮಾಡಿಕೊಂಡಿದೆ. ಮೊದಲ ಮೆಟ್ಟಿಲು ಬರೀ ತತ್ತ್ವ, ಒಂಬತ್ತನೆಯದು ನಿಜವಾದ ಬಳಕೆಯಲ್ಲಿ ಗೆದ್ದದ್ದು. ನಮಗೆ ಬೇಕಾದ್ದು ನಡುವಿನ ಮೆಟ್ಟಿಲುಗಳು. ಅಮ್ಮ ಎರಡು ಕಿಲೋ ಕರಿದದ್ದು ಒಂದು, ಅದೇ ರುಚಿಯಲ್ಲಿ ಇನ್ನೊಬ್ಬರ ಕೈಯಲ್ಲಿ ಇಪ್ಪತ್ತು ಕಿಲೋ ಕರಿಸಿದ್ದು ಇನ್ನೊಂದು. ಬಕ್ಕೆ ಜಾತಿಯ ಹಲಸಿನ ಸೊಳೆ (ತೊಳೆ) ಗಟ್ಟಿ, ತುಳುವೆ ಜಾತಿಯದು ಲೋಳೆ. ಬಲಿತದ್ದು ಒಂದು ವಾರ ಹೆಚ್ಚುಕಡಿಮೆಯಾದರೆ ಎಣ್ಣೆ ಕುಡಿಯುವುದೂ ಬದಲಾಗುತ್ತದೆ. "ಕೈ ಅಂದಾಜು" ಎಂಬ ಮಾತನ್ನು ಇಲ್ಲಿ ಬಿಟ್ಟುಬಿಡಿ. ಯಾವ ಮರ, ಎಷ್ಟು ಬಲಿತದ್ದು, ಎಷ್ಟು ದಪ್ಪ ಹೆಚ್ಚಿದ್ದು, ಎಣ್ಣೆಯ ಶಾಖ, ಎಷ್ಟು ನಿಮಿಷ ಎಂದು ಪ್ರತಿ ಬ್ಯಾಚಿಗೂ ಬರೆದಿಡಿ.

ಬಾಳಿಕೆ ಪರೀಕ್ಷೆ ಮಳೆಗಾಲದಲ್ಲಿ ಮಾಡಿ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಒಣ ಹವೆಯಲ್ಲಿ ಮೂರು ತಿಂಗಳು ಗರಿಗರಿ ಇದ್ದದ್ದು ಆಟಿಯಲ್ಲಿ, ಅಂದರೆ ನಡು ಮಳೆಗಾಲದ ತಿಂಗಳಲ್ಲಿ, ಮೂರು ವಾರಕ್ಕೆ ನಾರುತ್ತದೆ. ನನ್ನ ಸೋಂಟೆಯದ್ದು ಇದೇ ಕಥೆ: ತೆಳು ಕವರ್, ಗಾಳಿ ತುಂಬಿದ ಸೀಲ್, ಎರಡನೇ ತಿಂಗಳಿಗೆ ಕಮಟು. ಒಳಗೆ ನೈಟ್ರೋಜನ್ ತುಂಬುವುದು, ಅಲ್ಯೂಮಿನಿಯಂ ಪದರದ ಕವರ್ ಹಾಕುವುದು, ಕರಿದ ಮೇಲೆ ಯಂತ್ರದಲ್ಲಿ ತಿರುಗಿಸಿ ಎಣ್ಣೆ ಇಳಿಸುವುದು, ಇವೆಲ್ಲ ಆಡಂಬರವಲ್ಲ.

ಎಲ್ಲವನ್ನೂ ನೀವೇ ಕಂಡುಹಿಡಿಯಬೇಕಾಗಿಲ್ಲ. ಕಾಸರಗೋಡಿನ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತೆಂಗಿನಕಾಯಿ ಚಿಪ್ಸ್, ಕಲ್ಪರಸ, ತೆಂಗಿನ ಸಕ್ಕರೆ ಮುಂತಾದವುಗಳ ತಂತ್ರಜ್ಞಾನವನ್ನು ಶುಲ್ಕ ಪಡೆದು ಉದ್ಯಮಿಗಳಿಗೆ ಕೊಡುತ್ತದೆ, ಹೊಸಬರಿಗೆ ಇನ್‌ಕ್ಯುಬೇಷನ್ ಕೇಂದ್ರವೂ ಅಲ್ಲಿದೆ. ಹಣ್ಣು, ಧಾನ್ಯ, ಸಾಂಬಾರ ಪದಾರ್ಥಗಳ ವಿಷಯಕ್ಕೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಪರವಾನಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಇದೇ ತಂತ್ರಜ್ಞಾನವನ್ನು ಇನ್ನೆಷ್ಟು ಮಂದಿಗೆ ಕೊಡುತ್ತಾರೆ, ಎಷ್ಟು ವರ್ಷಕ್ಕೆ, ಯಂತ್ರ ಕೆಟ್ಟರೆ ಯಾರನ್ನು ಹಿಡಿಯಬೇಕು.

ಕಲ್ಪರಸದ ವಿಷಯ ಬಂದದ್ದರಿಂದ ಒಂದು ಮಾತು. ಕಲ್ಪರಸವೆಂದರೆ ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ, ಅಂದರೆ ನೀರಾ. ಅದು ಬೇಗ ಹುಳಿಯಾಗಿ ಕಳ್ಳಾಗುತ್ತದೆ. ತಣ್ಣಗಿನ ಪೆಟ್ಟಿಗೆಯಲ್ಲೇ ಅದನ್ನು ಇಳಿಸಿಕೊಳ್ಳುವ ಉಪಾಯವನ್ನು ಸಿಪಿಸಿಆರ್‌ಐ ಮಾಡಿಕೊಟ್ಟಿತು. ಅಲ್ಲಿಗೆ ತಂತ್ರಜ್ಞಾನದ ಗಂಟು ಬಿಚ್ಚಿತು. ಆದರೆ ಮರದಿಂದ ಗಿರಾಕಿಯ ಬಾಯಿಯವರೆಗೆ ತಂಪು ಕಡಿಯಬಾರದು, ದಿನಾ ಮರ ಹತ್ತುವವರು ಬೇಕು, ಅಬಕಾರಿ ಇಲಾಖೆಯ ಅನುಮತಿ ಬೇಕು. ಅಬಕಾರಿ ರಾಜ್ಯದ ವಿಷಯ, ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ಕಾನೂನೇ ಬೇರೆ. ಪ್ರಯೋಗಶಾಲೆಯಲ್ಲಿ ಗೆದ್ದದ್ದು ಅಂಗಡಿಯಲ್ಲಿ ಎಲ್ಲಿ ಎಡವುತ್ತದೆ ಎಂದು ಕೇಳುವವರಿಗೆ ನಾನು ನೀರಾದ ಕಥೆಯನ್ನೇ ಹೇಳುವುದು.

ಹಂತ 3: ತೋರಿಸುವ ಮೊದಲು ಕಾಪಾಡಿಕೊಳ್ಳಿ

ಹೊಸ ಯಂತ್ರ ಮಾಡಿದವರು ಮೊದಲು ಕೃಷಿಮೇಳಕ್ಕೆ ಒಯ್ದು, ಯೂಟ್ಯೂಬಿಗೆ ಹಾಕಿ, ಆಮೇಲೆ ಪೇಟೆಂಟ್ ವಿಚಾರಿಸುತ್ತಾರೆ. ಕ್ರಮ ತಿರುಗುಮುರುಗಾಯಿತು. ಒಮ್ಮೆ ಬಹಿರಂಗವಾದದ್ದು ಹೊಸತು ಎನಿಸಿಕೊಳ್ಳುವುದು ಕಷ್ಟ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಪೇಟೆಂಟಿನ ಅವಧಿ 20 ವರ್ಷ. ಅಜ್ಜಿಯ ಮದ್ದಿಗೆ, ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ. ಉಪ್ಪು ಸೊಳೆಗೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಪೇಟೆಂಟ್ ತೆಗೆಯುತ್ತೇನೆಂದು ಹೊರಟ ಒಬ್ಬರನ್ನು ನಾನು ಅರ್ಧ ದಾರಿಯಿಂದ ವಾಪಸು ಕರೆದೆ.

ತಿನಿಸಿಗೆ ಪೇಟೆಂಟಿಗಿಂತ ಟ್ರೇಡ್‌ಮಾರ್ಕ್ ಮುಖ್ಯ. ಸಣ್ಣ ಉದ್ಯಮಕ್ಕೂ ಒಬ್ಬ ವ್ಯಕ್ತಿಗೂ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. "ಹಲಸಿನ ಸೋಂಟೆ" ಎಂಬುದನ್ನೇ ಹೆಸರಾಗಿ ಕೇಳಿದರೆ ಸಿಗುವುದಿಲ್ಲ, ಅದು ವಸ್ತುವಿನ ವರ್ಣನೆ.

ಹಂತ 4: ಕಾಗದಪತ್ರ, ಮತ್ತು ನಮ್ಮ ಗಡಿಯ ಗಂಟು

ಇದು ಬೇಸರದ ಭಾಗ, ಆದರೆ ಕಾಸರಗೋಡಿನವರು ಹೆಚ್ಚಾಗಿ ಎಡವುವುದು ಇಲ್ಲೇ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಉಚಿತ, ಮೊದಲು ಅದನ್ನು ಮಾಡಿ. ದುಡ್ಡು ಕೇಳುವ ಮಧ್ಯವರ್ತಿಗಳನ್ನು ಹತ್ತಿರ ಸೇರಿಸಬೇಡಿ. ಕೇರಳದಲ್ಲಿ 2019ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಸೌಲಭ್ಯ ಕಾಯ್ದೆಯಡಿ ಸ್ವೀಕೃತಿ ಪತ್ರ ಪಡೆದರೆ ರಾಜ್ಯದ ಹಲವು ಅನುಮತಿಗಳಿಲ್ಲದೆಯೂ ಕೆಲವು ವರ್ಷ ಕೆಲಸ ಶುರುಮಾಡಲು ದಾರಿಯಿದೆ. ಆದರೆ ಕೇಂದ್ರದ ಕಾನೂನುಗಳಿಗೆ ಅದು ರಿಯಾಯಿತಿ ಅಲ್ಲ. ವಿದ್ಯಾನಗರದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. ಅಲ್ಲಿಗೆ ಹೋಗಿ ಕೇಳುವುದಕ್ಕೆ ಸಂಕೋಚ ಬೇಡ. ಕಿರು ಆಹಾರ ಘಟಕಗಳಿಗೆ ಸಾಲದೊಂದಿಗೆ ಶೇಕಡಾ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುವ ಪಿಎಂಎಫ್‌ಎಂಇ ಯೋಜನೆಯ ಈಗಿನ ಸ್ಥಿತಿಯನ್ನೂ ಅಲ್ಲೇ ವಿಚಾರಿಸಿ. ಸಹಾಯಧನ ಸಿಗುತ್ತದೆಂದು ದೊಡ್ಡ ಯಂತ್ರ ತರಬೇಡಿ, ಅದು ಬೇರೆ ಮಾತು.

ತಿನ್ನುವ ವಸ್ತುವಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐಯ ಅನುಮತಿ ಬೇಕೇ ಬೇಕು. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ಸರಳ ನೋಂದಣಿ, ಅದಕ್ಕಿಂತ ಮೇಲೆ ಪರವಾನಗಿ ಎಂದಿತ್ತು. ಮಿತಿಗಳು ಪರಿಷ್ಕರಣೆಯಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಸಿಗುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲೆ ಇರಬೇಕು. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ, ಪ್ಯಾಕ್ ಮಾಡುವವರಾಗಿ ನೋಂದಣಿ, ಇವೂ ಬೇಕು.

ಈಗ ಗಡಿಯ ಗಂಟು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ತಿರುವನಂತಪುರಕ್ಕೆ 550ಕ್ಕೂ ಹೆಚ್ಚು. ಮದುವೆಯ ಸೀರೆಯಿಂದ ಆಸ್ಪತ್ರೆಯವರೆಗೆ ನಾವು ಹೋಗುವುದು ಮಂಗಳೂರಿಗೇ. ಹಾಗಾಗಿ "ಮಂಗಳೂರಿನ ಎರಡು ಅಂಗಡಿಗೆ ಕೊಡೋಣ" ಎಂದು ಎಲ್ಲರೂ ಮೊದಲು ಯೋಚಿಸುತ್ತಾರೆ. ಆದರೆ ಜಿಎಸ್‌ಟಿ ಕಾನೂನಿನ ಕಣ್ಣಿಗೆ ಮಂಜೇಶ್ವರದಿಂದ ಮಂಗಳೂರು ಬಳಿಯ ತೊಕ್ಕೊಟ್ಟಿಗೆ ಕಳಿಸಿದ ಪೆಟ್ಟಿಗೆಯೂ ದೆಹಲಿಗೆ ಕಳಿಸಿದ ಪೆಟ್ಟಿಗೆಯೂ ಒಂದೇ: ಅಂತರರಾಜ್ಯ ಪೂರೈಕೆ. ರಾಜ್ಯದೊಳಗೆ ಸಾಮಾನು ಮಾರುವವರಿಗೆ ಸಿಗುವ 40 ಲಕ್ಷ ರೂಪಾಯಿ ವಹಿವಾಟಿನ ವಿನಾಯಿತಿ ಇಲ್ಲಿ ಸಿಗುವುದಿಲ್ಲ. ತೆರಿಗೆ ಇರುವ ಸಾಮಾನನ್ನು ಗಡಿ ದಾಟಿಸಿ ಮಾರುವವರು ಮೊದಲ ರೂಪಾಯಿಯಿಂದಲೇ ನೋಂದಾಯಿಸಬೇಕು. ಸಣ್ಣವರು ಸರಳವಾಗಿ ತೆರಿಗೆ ಕಟ್ಟುವ ಕಂಪೊಸಿಷನ್ ಸ್ಕೀಮಿನವರಿಗಂತೂ ಹೊರರಾಜ್ಯಕ್ಕೆ ಮಾರುವ ಅವಕಾಶವೇ ಇಲ್ಲ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಎಂಬ ಆನ್‌ಲೈನ್ ರಹದಾರಿ. ಇದೆಲ್ಲ ಗೊತ್ತಿಲ್ಲದೆ ಸ್ಕೂಟರಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದವರಲ್ಲಿ ನಾನೂ ಒಬ್ಬ.

ನನ್ನ ಸಲಹೆ: ಮೊದಲ ಆರು ತಿಂಗಳು ಎಲ್ಲಿ ಮಾರುತ್ತೀರಿ ಎಂದು ನಿರ್ಧರಿಸಿದ ಮೇಲೆ ಈ ಜಿಎಸ್‌ಟಿಯ ಕಾಗದ ಮಾಡಿ. ಕೇರಳದೊಳಗೇ ಹೊಸದುರ್ಗ, ನೀಲೇಶ್ವರ, ಪಯ್ಯನ್ನೂರು ಕಡೆಗೆ ಮುಖ ಮಾಡಿದರೆ ಒಂದು ಲೆಕ್ಕ. ಮಂಗಳೂರು, ಪುತ್ತೂರು ಕಡೆಗಾದರೆ ಮೊದಲ ದಿನವೇ ಜಿಎಸ್‌ಟಿ, ತಿಂಗಳ ಲೆಕ್ಕ ಬರೆಯುವವರ ಸಂಬಳ ಸಹಿತ. ಎರಡೂ ಕಡೆ ಒಟ್ಟಿಗೆ ಶುರುಮಾಡುವ ಆಸೆಯನ್ನು ಸ್ವಲ್ಪ ತಡೆಯಿರಿ.

ಇನ್ನೊಂದು ಎಚ್ಚರಿಕೆ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಬಿತ್ತು, ರೋಗಿಗಳಿಗೇ ದಾರಿ ಸಿಗಲಿಲ್ಲ, ಸೋಂಟೆಯ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ? ಗಡಿಯಾಚೆಯ ಒಂದೇ ಗಿರಾಕಿಯನ್ನು ನಂಬಿದವರು ಆಗ ಪೂರ್ತಿ ನಿಂತರು.

ಹಂತ 5: ಬೆಲೆ ಕಟ್ಟುವುದು

ಖರ್ಚಿಗೆ ಲಾಭ ಸೇರಿಸಿ ಬೆಲೆ ಹಾಕುವುದು ನಮ್ಮ ರೂಢಿ. ಕಂಪನಿಗಳು ತಿರುಗಿಸಿ ಮಾಡುತ್ತವೆ: ಗಿರಾಕಿ ಎಷ್ಟು ಕೊಟ್ಟಾನು ಎಂಬಲ್ಲಿಂದ ಹಿಂದಕ್ಕೆ ಬರುತ್ತವೆ. ಒಂದು ಲೆಕ್ಕ ಹಾಕೋಣ. 200 ಗ್ರಾಂ ಪ್ಯಾಕೆಟ್, ಎಂಆರ್‌ಪಿ 100 ರೂಪಾಯಿ. ಅಂಗಡಿಯವರಿಗೆ 20 ಹೋಯಿತು, ಉಳಿದದ್ದು 80. ಮನೆಯಿಂದ ಅಂಗಡಿಗೆ ಮುಟ್ಟಿಸುವ ವಿತರಕನಿಗೆ 8, ಉಳಿದದ್ದು 72. ಶೇಕಡಾ 5 ತೆರಿಗೆ ಎಂದು ಹಿಡಿದರೆ ನಿಮ್ಮ ಕೈಗೆ ಬರುವುದು ಸುಮಾರು 68 ರೂಪಾಯಿ 50 ಪೈಸೆ. ಸಾಗಾಟಕ್ಕೆ 4, ಹಾಳಾಗಿ ವಾಪಸು ಬಂದದ್ದಕ್ಕೂ ರುಚಿ ನೋಡಲು ಕೊಟ್ಟದ್ದಕ್ಕೂ 5 ತೆಗೆಯಿರಿ. 60ಕ್ಕೂ ಕೆಳಗೆ ಬಂತು. ಎಣ್ಣೆ, ಹಲಸು, ಕೊರೆಯುವವರ ಕೂಲಿ, ಕವರ್, ಕರೆಂಟ್, ಸಾಲದ ಕಂತು ಎಲ್ಲ ಇದರೊಳಗೆ. ತಯಾರಿಗೆ 55 ಬೀಳುತ್ತದೆ ಎನ್ನುವವರು 45 ರೂಪಾಯಿ ಲಾಭ ಎಂದುಕೊಂಡಿರುತ್ತಾರೆ. ನಿಜದಲ್ಲಿ ಉಳಿಯುವುದು 5ಕ್ಕಿಂತ ಕಡಿಮೆ.

ಈ ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಕೂಲಿ ಹಾಕಿದ್ದೀರಾ? ಹೆಚ್ಚಿನವರು ಹಾಕುವುದಿಲ್ಲ. ಹೆಂಡತಿ, ಅಮ್ಮ ರಾತ್ರಿ ಹನ್ನೊಂದರವರೆಗೆ ಸೊಳೆ ಬಿಡಿಸಿದ್ದನ್ನು ಸೊನ್ನೆ ಎಂದು ಬರೆದರೆ ಬೆಲೆ ಅಗ್ಗವಾಗಿ ಕಾಣುತ್ತದೆ. ವ್ಯಾಪಾರ ಹೆಚ್ಚಿ ಆಳು ಇಟ್ಟ ದಿನ ನಷ್ಟ ಹೊರಬೀಳುತ್ತದೆ.

ಹಂತ 6: ಹೆಸರು ಮತ್ತು ಲೇಬಲ್

ಸಪ್ತಭಾಷೆಯ ಊರಿನಲ್ಲಿ ಹೆಸರಿಡುವುದು ತಮಾಷೆಯ ಕೆಲಸ. ಹಳಗನ್ನಡದ ಮೋಹದಲ್ಲಿ ಪಾನೀಯಕ್ಕೆ "ಪನಿ" ಎಂದಿಟ್ಟರೆ ಮಲಯಾಳಂ ಆಡುವ ಚೆರ್ವತ್ತೂರಿನಲ್ಲಿ ಅದು ಜ್ವರ. ಬೆಲೆಯ "ಪಟ್ಟಿ" ಎಂದು ದೊಡ್ಡದಾಗಿ ಬರೆದು ತೂಗುಹಾಕಿದರೆ ಮಲಯಾಳಂ ಬಲ್ಲವರಿಗೆ ನಾಯಿ. "ಚಕ್ಕೆ" ಎಂದರೆ ನಮಗೆ ಚೂರು, ಅವರ ಕಿವಿಗೆ ಅದು ಚಕ್ಕ, ಅಂದರೆ ಹಲಸು. ಇದೊಂದು ಲಾಭದ ಕಾಕತಾಳೀಯ. ಹೆಸರು ಆರಿಸಿದ ಮೇಲೆ ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಒಬ್ಬೊಬ್ಬರ ಮುಂದೆ ಗಟ್ಟಿಯಾಗಿ ಹೇಳಿ ಮುಖ ನೋಡಿ. ಖರ್ಚು ಒಂದು ಚಹಾ.

ಲೇಬಲ್ಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು. ಕನ್ನಡ, ಮಲಯಾಳಂ ಹೆಚ್ಚುವರಿಯಾಗಿ ಹಾಕಬಹುದು. ವಸ್ತುವಿನ ಹೆಸರು, ಬಳಸಿದ ಪದಾರ್ಥಗಳು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ, ಪೌಷ್ಟಿಕಾಂಶ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿ ಮತ್ತು ಬಳಕೆಯ ಗಡುವು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್. ಜೊತೆಗೆ ಗ್ರಾಮಿಗೆಷ್ಟು ಎಂಬ ಬೆಲೆ. ನಮ್ಮ 200 ಗ್ರಾಂ ಪ್ಯಾಕೆಟ್ಟಿಗೆ ಗ್ರಾಮಿಗೆ 50 ಪೈಸೆ. ಕವರಿನಲ್ಲಿ ಇವುಗಳಲ್ಲೊಂದು ತಪ್ಪಿದರೆ ಸ್ಟಿಕರ್ ಅಂಟಿಸಿ ಕೈ ನೋಯಬೇಕು. ಆದ್ದರಿಂದ ಮೊದಲ ಸಾವಿರ ಪ್ಯಾಕೆಟ್ಟಿಗೆ ಸಾದಾ ಕವರ್, ಮೇಲೆ ಅಂಟಿಸುವ ಲೇಬಲ್ ಸಾಕು. ಅಟ್ಟದ ಮೇಲಿನ ನನ್ನ ಕವರುಗಳ ಪರವಾಗಿ ಹೇಳುತ್ತಿದ್ದೇನೆ.

ಹಂತ 7: ಸಣ್ಣ ಪೇಟೆಯಲ್ಲಿ ದೊಡ್ಡ ಪರೀಕ್ಷೆ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಓದುವುದಾದರೆ ಈ ಹಂತವನ್ನು ಓದಿ.

3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾಗಿ ಹಿಡಿಯದ, ಸುಲಭವಾಗಿ ಬಿಡುವ ಒಂದು ಅಂಟು ಕಂಡುಕೊಂಡರು. ವರ್ಷಗಟ್ಟಲೆ ಅದಕ್ಕೊಂದು ಉಪಯೋಗ ಸಿಗಲಿಲ್ಲ. ಸಹೋದ್ಯೋಗಿ ಆರ್ಟ್ ಫ್ರೈ ಭಜನೆ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟ ಚೀಟಿ ಜಾರಿ ಬೀಳುವುದನ್ನು ನೋಡಿ ಆ ಅಂಟನ್ನು ಚೀಟಿಗೆ ಹಚ್ಚಿದರು. ಅಂಟಿಸಿ ಕೀಳಬಹುದಾದ ಆ ಚೀಟಿಗಳನ್ನು 1977ರಲ್ಲಿ ನಾಲ್ಕು ಊರುಗಳಲ್ಲಿ ಮಾರಾಟಕ್ಕಿಟ್ಟಾಗ ಕೊಂಡವರು ತೀರಾ ಕಡಿಮೆ. ಜಾಹೀರಾತು ನೋಡಿ ಆ ಚೀಟಿ ಯಾತಕ್ಕೆಂದು ಯಾರಿಗೂ ಹೊಳೆಯಲಿಲ್ಲ. ಮರುವರ್ಷ ಬಾಯ್ಸಿ ಎಂಬ ಊರಿನ ಕಚೇರಿಗಳಿಗೆ ಪುಕ್ಕಟೆ ಹಂಚಿದರು. ಬಳಸಿದವರಲ್ಲಿ ಬಹುಪಾಲು ಮಂದಿ ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದರು. 1980ರಲ್ಲಿ ಆ ಚೀಟಿ ಪೋಸ್ಟ್-ಇಟ್ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಬಂತು. ವಸ್ತು ಅದೇ, ಕೈಗೆ ಮುಟ್ಟಿಸಿದ ರೀತಿ ಬೇರೆ.

ನಮ್ಮ ಅಳತೆಯಲ್ಲಿ ಹೀಗೆ ಮಾಡಿ. ಎರಡು ಪೇಟೆ ಆರಿಸಿ, ಒಂದು ಕನ್ನಡ, ತುಳು ಹೆಚ್ಚಿರುವಲ್ಲಿ, ಉಪ್ಪಳ ಅಥವಾ ಕುಂಬಳೆ. ಇನ್ನೊಂದು ಮಲಯಾಳಂ ಹೆಚ್ಚಿರುವ ಹೊಸದುರ್ಗ (ಕಾಞಂಗಾಡು) ಕಡೆ. ನಿಮ್ಮ ಪರಿಚಯದವರಿಲ್ಲದ ನಾಲ್ಕು ಅಂಗಡಿ. ನೀವು ಯಾರೆಂದು ಹೇಳದೆ ಇಡಿಸಿ. ನೂರು ಮನೆಗೆ ಸಣ್ಣ ಪ್ಯಾಕೆಟ್ ಪುಕ್ಕಟೆ ಹಂಚಿ, ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಚೀಟಿ ಕೊಡಿ, ಮತ್ತೆ ನೆನಪಿಸಬೇಡಿ. ಆರು ವಾರ ಸುಮ್ಮನಿರಿ. ಎಷ್ಟು ಜನ ಕೊಂಡರು, ಅವರಲ್ಲಿ ಎಷ್ಟು ಜನ ಎರಡನೇ ಸಲ ಬಂದರು? ಅಂಗಡಿಯವರಿಗೆ ಒಂದು ನೋಟ್‌ಬುಕ್ ಕೊಟ್ಟು ಗೀಟು ಹಾಕಲು ಹೇಳಿದರೆ ಸಾಕು, ಆ್ಯಪ್ ಬೇಡ. ಮೊದಲು ಕೊಂಡ ನಾಲ್ವರಲ್ಲಿ ಒಬ್ಬರಾದರೂ ಮರಳದಿದ್ದರೆ ನಾನು ಮುಂದೆ ಹೋಗುವುದಿಲ್ಲ. ಈ ಸಂಖ್ಯೆ ಶಾಸ್ತ್ರದ್ದಲ್ಲ, ಪೆಟ್ಟು ತಿಂದು ಇಟ್ಟುಕೊಂಡದ್ದು.

ಜಾತ್ರೆ ಮತ್ತು ಯಕ್ಷಗಾನದ ಆಟದ ಗದ್ದಲದಲ್ಲಿ ಮಾರಿದ್ದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಧೂರಿನಲ್ಲಾಗಲಿ ಕಣಿಪುರದಲ್ಲಾಗಲಿ ಹಬ್ಬದ ದಿನ ಏನಿಟ್ಟರೂ ಹೋಗುತ್ತದೆ. ರುಚಿ ತೋರಿಸಲು ಅದು ಒಳ್ಳೆಯ ಜಾಗ, ಅಳೆಯಲು ಕೆಟ್ಟ ಜಾಗ.

ಕೆನಡಾದ ರಾಬರ್ಟ್ ಕೂಪರ್ ಎಂಬವರು ಕಂಪನಿಗಳಿಗೆ ಕಲಿಸಿದ ಒಂದು ಕ್ರಮ ಇಲ್ಲಿ ಹೊಂದುತ್ತದೆ. ಪ್ರತಿ ಹಂತದ ಕೊನೆಗೊಂದು ತಡಮೆ. ಮೊದಲೇ ಬರೆದಿಟ್ಟ ಷರತ್ತು ಪೂರೈಸಿದರೆ ಮಾತ್ರ ದಾಟುವುದು, ಇಲ್ಲದಿದ್ದರೆ ತಿದ್ದುವುದು ಅಥವಾ ಬಿಡುವುದು. ನಮ್ಮ ತೋಟದ ತಡಮೆಯ ಹಾಗೆಯೇ: ಮನುಷ್ಯ ದಾಟಬಹುದು, ದನ ದಾಟಬಾರದು. ಷರತ್ತನ್ನು ಪರೀಕ್ಷೆಗೆ ಮೊದಲೇ ಬರೆಯಿರಿ. ಫಲಿತಾಂಶ ನೋಡಿ ಬರೆದರೆ ಮನಸ್ಸು ತನಗೆ ಬೇಕಾದ ಹಾಗೆ ತಡಮೆಯನ್ನು ತಗ್ಗಿಸುತ್ತದೆ.

ಹಂತ 8: ಬಿಡುಗಡೆ, ಮತ್ತು ಹರಡುವ ಬಗೆ

ಹೊಸತು ಹೇಗೆ ಹರಡುತ್ತದೆ ಎಂಬ ಶಾಸ್ತ್ರ ಹುಟ್ಟಿದ್ದೇ ಹೊಲದಲ್ಲಿ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳವನ್ನು ರೈತರು ಹೇಗೆ ಒಪ್ಪಿಕೊಂಡರು ಎಂಬ ಅಧ್ಯಯನವನ್ನು 1943ರಲ್ಲಿ ಇಬ್ಬರು ಪ್ರಕಟಿಸಿದರು. ಆಮೇಲೆ ಎವರೆಟ್ ರೋಜರ್ಸ್ 1962ರಲ್ಲಿ ಅದನ್ನು ವಿಸ್ತರಿಸಿದರು. ಅವರ ವಿಂಗಡಣೆಯಲ್ಲಿ ನೂರರಲ್ಲಿ ಎರಡೂವರೆ ಮಂದಿ ಏನು ಬಂದರೂ ಮೊದಲು ಪ್ರಯತ್ನಿಸುವವರು, ಹದಿಮೂರೂವರೆ ಮಂದಿ ನೋಡಿ ತಿಳಿದು ಬೇಗ ಹಿಡಿಯುವವರು, ಉಳಿದವರು ಅವರ ಬೆನ್ನಿಗೆ. ನಮ್ಮ ಊರಲ್ಲೂ ಆ ಮೊದಲಿನವರು ಯಾರೆಂದು ಎಲ್ಲರಿಗೂ ಗೊತ್ತು, ಅವರ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದೂ ಗೊತ್ತು. "ಅವನಿಗೆ ಹೊಸತೆಂದರೆ ಹುಚ್ಚು" ಎಂದು ಬಿಡುತ್ತಾರೆ. ಎರಡನೇ ಗುಂಪಿನವರ ತೋಟದಲ್ಲಿ ದೋಟಿ ಕಂಡ ಮೇಲೆಯೇ ಪಕ್ಕದ ಮನೆಯವರು ವಿಚಾರಿಸುವುದು. ಹಾಗಾಗಿ ಪ್ರಾತ್ಯಕ್ಷಿಕೆ ಇಟ್ಟುಕೊಳ್ಳುವುದಾದರೆ ಲೆಕ್ಕದ ಮನುಷ್ಯ ಎಂದು ಹೆಸರಾದವರ ತೋಟದಲ್ಲಿ ಇಟ್ಟುಕೊಳ್ಳಿ.

ಯಂತ್ರವಾದರೆ ಯಂತ್ರ ಮಾತ್ರ ಮಾರಬೇಡಿ. ತೆಂಗಿನ ಮರ ಹತ್ತುವ ಯಂತ್ರ ಕೇರಳದಲ್ಲಿ ಮೊದಲೇ ಇತ್ತು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ "ತೆಂಗಿನ ಮರದ ಗೆಳೆಯರು" ಎಂಬ ಕಾರ್ಯಕ್ರಮದಲ್ಲಿ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕೈಗೆ ಯಂತ್ರವನ್ನೂ ಕೊಟ್ಟಾಗ ಅದು ಊರೂರಿಗೆ ಕಾಣಿಸಿಕೊಂಡಿತು. ಹತ್ತು ಮರ ಇರುವವನಿಗೆ ಯಂತ್ರ ಬೇಡ, ಕಾಯಿ ಕೆಳಗೆ ಬರಬೇಕು, ಅಷ್ಟೆ. ದೋಟಿಯೂ ಹಾಗೆಯೇ: ಸಣ್ಣ ತೋಟದವರು ದೋಟಿ ಕೊಳ್ಳುವುದಕ್ಕಿಂತ ದೋಟಿಯಿರುವ ತಂಡವನ್ನು ಕರೆಯುತ್ತಾರೆ.

ತೋಟಕ್ಕೆ ಹೊಸ ಮದ್ದು, ಹೊಸ ಗೊಬ್ಬರ ತರುವವರಿಗೆ ಇನ್ನೊಂದು ಮಾತು. ಇದು ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ. ಗೇರು ತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಎಣ್ಮಕಜೆ, ಪಡ್ರೆ ಕಡೆಯ ಮನೆಗಳಲ್ಲಿ ಆದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿದ್ದು ಇಲ್ಲಿ ಯಾರೂ ಮರೆತಿಲ್ಲ. "ಸುರಕ್ಷಿತ" ಎಂಬ ಪದವನ್ನು ಕರಪತ್ರದಲ್ಲಿ ಅಚ್ಚು ಹಾಕಿದರೆ ನಂಬಿಕೆ ಹುಟ್ಟುವುದಿಲ್ಲ. ಪರೀಕ್ಷೆಯ ವರದಿ ಪೂರ್ತಿ ಕೊಡಿ, ಬಾವಿ ಪಕ್ಕದಲ್ಲಿದ್ದರೆ ಏನು ಮಾಡಬೇಕೆಂದು ಬರೆಯಿರಿ, ಯಾವಾಗ ಬಳಸಬಾರದು ಎಂಬುದನ್ನು ದೊಡ್ಡಕ್ಷರದಲ್ಲಿ ಹಾಕಿ.

ಬಿಡುಗಡೆಯ ದಿನವನ್ನು ಪಂಚಾಂಗ ನೋಡುವ ಮೊದಲು ಹಲಸಿನ ಮರ ನೋಡಿ ಇಡಿ. ಕಾಯಿ ಸಿಗುವುದು ಬೇಸಿಗೆಯಲ್ಲಿ, ಕುರುಕಲಿನ ಆಸೆ ಏಳುವುದು ಮಳೆಯಲ್ಲಿ, ದೊಡ್ಡ ಖರೀದಿ ಓಣಂ ಮತ್ತು ದೀಪಾವಳಿಗೆ. ನಡುವಿನ ತಿಂಗಳುಗಳಿಗೆ ಸರಕು ಇಟ್ಟುಕೊಳ್ಳಲು ಜಾಗವೂ ಬೇಕು, ದುಡ್ಡೂ ಬೇಕು.

ಹಂತ 9: ಇಳಿಸಿದ ಮೇಲೆ

ವಸೂಲಿಯಿಂದ ಶುರುಮಾಡೋಣ. ಒಂದು ದೊಡ್ಡ ಅಂಗಡಿಯವರು ನನ್ನ ಬಿಲ್ಲಿಗೆ ನಾಲ್ಕು ತಿಂಗಳು ಕಾಯಿಸಿದರು. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಕಾನೂನೇ ಹೇಳುತ್ತದೆ, ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಕೊಟ್ಟರೆ ಮುಂದಿನ ಆರ್ಡರ್ ಬರುತ್ತದೋ ಎಂಬುದು ಬೇರೆ ಪ್ರಶ್ನೆ. ಅದಕ್ಕೇ ಯಾವ ಒಬ್ಬ ಗಿರಾಕಿಯೂ ನಿಮ್ಮ ವ್ಯಾಪಾರದ ಮೂರನೇ ಒಂದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ಕಾನೂನು ಕೊಟ್ಟ ಮಾರುಕಟ್ಟೆಯನ್ನು ಕಾನೂನೇ ಕಿತ್ತುಕೊಳ್ಳಬಹುದು. ನಮ್ಮ ಅಡಿಕೆ ಹಾಳೆಯ ತಟ್ಟೆಯ ವಿಷಯ ನೋಡಿ. 2020ರ ಜನವರಿಯಲ್ಲಿ ಕೇರಳವೂ 2022ರ ಜುಲೈಯಲ್ಲಿ ಕೇಂದ್ರವೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಹಾಕಿದಾಗ ಹಾಳೆ ತಟ್ಟೆಗೆ ಒಳ್ಳೆ ಗಾಳಿ ಬೀಸಿತು. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದೆಂದು ಆಮದಿಗೆ ತಡೆ ಹಾಕಿತು. ರಫ್ತನ್ನೇ ನಂಬಿದ ಘಟಕಗಳಿಗೆ ಪೆಟ್ಟು ಬಿತ್ತು. ಹೊರದೇಶಕ್ಕೆ ಕಳಿಸುವ ಮೊದಲು ಆ ದೇಶದ ನಿಯಮಕ್ಕೆ ತಕ್ಕ ಪ್ರಯೋಗಾಲಯದ ವರದಿ ಕೈಯಲ್ಲಿರಲಿ, ಊರಿನ ಮದುವೆ ಮನೆಗಳ ಗಿರಾಕಿಯನ್ನು ಬಿಡಬೇಡಿ.

ಇನ್ನು, ಅಂಗಡಿಯ ಕಪಾಟೇ ಮಾರುಕಟ್ಟೆ ಅಲ್ಲ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೋಕೋ ಬೆಳೆದವರನ್ನು ಉಳಿಸಲು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಕಟ್ಟಿತು. ಅಲ್ಲಿಂದ ಹೊರಬರುವುದು ಮಕ್ಕಳ ಚಾಕಲೇಟ್ ಮಾತ್ರವಲ್ಲ, ಬೇರೆ ತಯಾರಕರು ಬಳಸುವ ಕೋಕೋ ಬೆಣ್ಣೆ, ಕೋಕೋ ಹುಡಿಯೂ ಹೌದು. ಇನ್ನೊಬ್ಬರ ಅಡುಗೆಮನೆಗೆ ಸಾಮಾನು ಕೊಡುವ ವ್ಯಾಪಾರಕ್ಕೆ ಬಣ್ಣದ ಕವರ್ ಬೇಡ, ಜಾಹೀರಾತು ಬೇಡ. ಬೇಕಾದ್ದು ಪ್ರತಿ ಸಲವೂ ಅದೇ ಗುಣ, ಹೇಳಿದ ದಿನಕ್ಕೆ ಸರಕು.

ಇದು ನನಗೆ ಹೊಳೆದದ್ದು ತಡವಾಗಿ. ಸೋಂಟೆ ನಿಲ್ಲಿಸಿದ ವರ್ಷ ಮನೆಗೆಂದು ಭರಣಿಯಲ್ಲಿ ಹಾಕಿದ್ದ ಉಪ್ಪು ಸೊಳೆಯನ್ನು ಒಂದು ಹೋಟೆಲಿನ ಅಡುಗೆಯವರು ನೋಡಿ ಐದು ಕಿಲೋ ಕೇಳಿದರು. ಆಟಿಯಲ್ಲಿ ರೊಟ್ಟಿ, ಪಲ್ಯ ಮಾಡಿದರು. ಹತ್ತು ದಿನಕ್ಕೆ ಅವರೇ ಫೋನ್ ಮಾಡಿದರು, ಈ ಸಲ ಇಪ್ಪತ್ತು ಕಿಲೋ. ಪರಿಚಯವಿಲ್ಲ, ದಾಕ್ಷಿಣ್ಯವಿಲ್ಲ, ನಾನು ನೆನಪಿಸಿರಲೂ ಇಲ್ಲ. ಫೋನ್ ಇಟ್ಟು ಅಟ್ಟದ ಕಡೆ ನೋಡಿದೆ, ಆಮೇಲೆ ಇನ್ನೆರಡು ಡ್ರಮ್ ತರಲು ಪೇಟೆಗೆ ಹೊರಟೆ.